ಕಸಿ ಗುಲಾಬಿಯ ಬುಡದ ಚಿಗುರು

ಹೊಸೂರು ಭಾಗದ ಮಕ್ಕಳಿಗೆ ಗುಲಾಬಿಯ ಆರೈಕೆ ಹೊಸತಲ್ಲ. ಪಾಠವನ್ನು ಅವರ ಅನುಭವದಿಂದಲೇ ಆರಂಭಿಸಬಹುದು. ಕೆಂಪು ಹೂವಿನ ಕಸಿಗಿಡವನ್ನು ನೆಟ್ಟವರು, ಒಂದೆರಡು ವರ್ಷಗಳಲ್ಲಿ ಅದರಲ್ಲಿ ಗುಲಾಬಿ ಬಣ್ಣದ ಹೂವನ್ನೇ ಕಂಡು ಬೆರಗಾಗುವುದುಂಟು. ‘ಗಿಡ ಬಣ್ಣ ಬದಲಿಸಿತು’ ಎಂದು ವಿದ್ಯಾರ್ಥಿ ಬರೆದರೆ ಶಿಕ್ಷಕರು ಅದನ್ನು ಹೊಡೆದುಹಾಕಬಾರದು. ಕಂಡದ್ದು ನಿಜ, ಕಾರಣ ಮಾತ್ರ ಬೇರೆ.

ಭಾರತದ ಹಲವೆಡೆ ಎಡ್ವರ್ಡ್ ಗುಲಾಬಿಯನ್ನು ಕಸಿಯ ಬುಡಗಿಡವಾಗಿ ಬಳಸುವ ರೂಢಿಯಿದೆ. ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪ ಮೂಲದ ಈ ತಳಿಯ ಹೂವು ಸುವಾಸನೆಯುಳ್ಳದ್ದು, ಗುಲಾಬಿ ಬಣ್ಣದ್ದು. ಇದರ ತೊಗಟೆಯನ್ನು ಸೀಳಿ ಬೇರೊಂದು ತಳಿಯ ಕಣ್ಣನ್ನು ಕೂರಿಸುತ್ತಾರೆ. ಕಸಿಗಂಟಿನ ಕೆಳಗಿನಿಂದ ಹೊರಟ ಚಿಗುರು ಎಡ್ವರ್ಡಿನದೇ. ಅದನ್ನು ಹಾಗೆಯೇ ಬಿಟ್ಟರೆ ಮೇಲಿನ ಕೆಂಪು ತಳಿ ಸೊರಗಿ, ಕಡೆಗೆ ಸಾಯುತ್ತದೆ.

ಐದು ಕಿರುಎಲೆಗಳಿದ್ದರೆ ಕಸಿ, ಏಳಿದ್ದರೆ ಕಾಡು ಎಂಬ ಮಾತನ್ನು ಅನುಭವಿಗಳು ಪೂರ್ತಿ ನಂಬುವುದಿಲ್ಲ. ಕಸಿಯ ತಳಿಯಲ್ಲೂ ಏಳು ಕಾಣಿಸುವುದುಂಟು. ಅವರು ಮಣ್ಣು ಬಿಡಿಸಿ ಚಿಗುರು ಹುಟ್ಟಿದ ಜಾಗವನ್ನೇ ನೋಡುತ್ತಾರೆ. ಕತ್ತರಿಯಿಂದ ಸವರಿದರೆ ಉಳಿದ ತುಂಡು ಮತ್ತೆ ಚಿಗುರುತ್ತದೆ. ಎಳೆಯದಿರುವಾಗಲೇ ಬುಡಸಮೇತ ಕೀಳಬೇಕು.

ಶಾಲೆಯಂಗಳದ ಗಿಡದಲ್ಲಿ ಮಕ್ಕಳೇ ಕಸಿಗಂಟನ್ನು ಹುಡುಕಲಿ. ಮನೆಯಲ್ಲಿ ಅದಕ್ಕೆ ತೆಲುಗು ಅಥವಾ ತಮಿಳು ಪದವಿದ್ದರೆ ಕನ್ನಡ ಪದದ ಪಕ್ಕದಲ್ಲಿ ಅದನ್ನೂ ಬರೆಸಬೇಕು. ಕೈಗೆ ದಪ್ಪ ಬಟ್ಟೆ ಸುತ್ತಿಕೊಳ್ಳಲು ಮೊದಲೇ ಹೇಳಿರಬೇಕು.