ಎಷ್ಟು ಎಸೆದೆ? ಬಿಟಿಎಂ ಸೈಟ್ ಕ್ರಿಕೆಟ್‌ಗೆ ಬೇಸ್‌ಬಾಲ್ ಹೇಳಿಕೊಟ್ಟ ಲೆಕ್ಕ



ನಾವು ನಾಲ್ಕು ಜನ ಬಿಟಿಎಂ ಲೇಔಟ್‌ನ ಒಂದು ಪಿ.ಜಿ.ಯಲ್ಲಿ ಒಂದೇ ರೂಮಲ್ಲಿ ಇದ್ದೇವೆ. ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ. ಒತ್ತಕ್ಷರ ಎಲ್ಲಾದರೂ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಮ್ಮಲ್ಲಿ ಒಬ್ಬ ಬೇಸ್‌ಬಾಲ್ ಹುಚ್ಚ. ಐಪಿಎಲ್ ಸೀಸನ್‌ನಲ್ಲಿ ಇಡೀ ಪಿ.ಜಿ. ಆರ್‌ಸಿಬಿ ಅಂತ ಕೂಗುವಾಗ ಇವನು ಮೂಲೆಯಲ್ಲಿ ಕೂತು ಲಾಸ್ ಏಂಜಲೀಸ್ ಡಾಡ್ಜರ್ಸ್ ಸ್ಕೋರ್ ನೋಡ್ತಿರ್ತಾನೆ. ಇನ್ನೊಬ್ಬ ನಮ್ಮ ಟೀಮಿನ ಫಾಸ್ಟ್ ಬೌಲರ್. ಈ ಲೇಖನ ಮೊದಲನೆಯವನ ಬಾಯಿಮಾತು ಮತ್ತು ಎರಡನೆಯವನ ಮೊಣಕೈ ಬಗ್ಗೆ. ಭಾನುವಾರ ಸಂಜೆ ಕೈ ನೋಯಿಸಿಕೊಂಡು ಹಾಸ್ಟೆಲ್‌ಗೆ ಹೋಗುವ ಎಲ್ಲರಿಗೂ ಇದು ಉಪಯೋಗ ಆಗಬಹುದು.

1. ನಡೆದದ್ದು

ಕಳೆದ ಸೆಮಿಸ್ಟರ್‌ನ ಒಂದು ಭಾನುವಾರ. ಪಕ್ಕದ ಖಾಲಿ ಸೈಟಲ್ಲಿ ಬೆಳಗ್ಗೆ ಮೂರು ಮ್ಯಾಚ್ ಆಡಿದೆವು. ಒಂದೊಂದು ಮ್ಯಾಚ್‌ನಲ್ಲೂ ನಮ್ಮ ಬೌಲರ್‌ಗೆ ಮೂರು ಓವರ್ ಕೊಟ್ಟೆವು. ಬೇರೆಯವರು ಹಾಕಿದರೆ ಹೊಡೆಸಿಕೊಳ್ತಾರೆ, ಇವನು ಹಾಕಿದರೆ ವಿಕೆಟ್ ಬೀಳುತ್ತೆ. ಸಂಜೆ ಹಿಂದಿನ ರಸ್ತೆಯ ಹುಡುಗರು ಬಂದು ‘ಫೈನಲ್ ಆಡೋಣ’ ಅಂದರು. ಇವನು ಮೊಣಕೈ ಒಳಭಾಗ ಉಜ್ಜಿಕೊಳ್ತಾ ‘ಸ್ವಲ್ಪ ಹಿಡ್ಕೊಂಡಂಗೆ ಇದೆ ಕಣ್ರೋ’ ಅಂದ. ‘ಎರಡೇ ಓವರ್ ಮಗಾ, ಗೆದ್ದು ಹೋಗೋಣ’ ಅಂತ ಹೇಳಿದ್ದು ನಾವೇ. ಹಾಕಿದ. ಗೆದ್ದೆವು. ಸೋಮವಾರ ಸಂಜೆ ‘ಪ್ರಾಕ್ಟೀಸ್’ ಅಂತ ಮತ್ತೆ ಕರೆದೆವು, ಮತ್ತೆ ಬಂದ.

ಬುಧವಾರ ಬೆಳಗ್ಗೆ ಅವನಿಗೆ ಸ್ನಾನದ ಬಕೆಟ್ ಎತ್ತೋಕೆ ಆಗಲಿಲ್ಲ. ಅದರ ಮುಂದಿನ ವಾರ ಇಂಟರ್ನಲ್ಸ್. ಇಂಜಿನಿಯರಿಂಗ್‌ನಲ್ಲಿ ಬಲಗೈ ಅಂದ್ರೆ ಪೆನ್ನು ಹಿಡಿಯೋ ಕೈ, ಡ್ರಾಯಿಂಗ್ ಮಾಡೋ ಕೈ, ರೆಕಾರ್ಡ್ ತುಂಬೋ ಕೈ. ಒಂದೊಂದು ಪುಟ ಬರೆದು ಕೈ ಕೆಳಗೆ ಬಿಟ್ಟು, ಮತ್ತೆ ಬರೆದ. ಎರಡು ಪೇಪರ್ ಅರ್ಧಕ್ಕೇ ಬಿಟ್ಟು ಬಂದ. ಊರಿಂದ ಅವನ ಅಮ್ಮ ಫೋನ್ ಮಾಡಿ ‘ಕೈಗೆ ಏನಾಯ್ತೋ?’ ಅಂತ ಕೇಳಿದಾಗ ‘ಜಾರಿ ಬಿದ್ದೆ ಅಮ್ಮ’ ಅಂತ ಸುಳ್ಳು ಹೇಳಿದ. ನಾವು ಮೂರು ಜನ ಪಕ್ಕದಲ್ಲೇ ತಲೆ ತಗ್ಗಿಸಿ ಕೂತಿದ್ದೆವು.

ಮೂಳೆ ಡಾಕ್ಟರು ನೋಡಿ, ಒಳಭಾಗದ ಲಿಗಮೆಂಟ್ ಎಳೆದಿದೆ, ಹರಿದಿಲ್ಲ, ಕೆಲವು ವಾರ ಎಸೆಯೋ ಹಾಗಿಲ್ಲ ಅಂದರು. ಫಿಸಿಯೋಥೆರಪಿ ಬರೆದುಕೊಟ್ಟರು. ಆ ರಾತ್ರಿ ನಮ್ಮ ಬೇಸ್‌ಬಾಲ್ ಹುಚ್ಚ ಒಂದೇ ಪ್ರಶ್ನೆ ಕೇಳಿದ: ‘ಅವನು ಭಾನುವಾರ ಎಷ್ಟು ಎಸೆದ?’ ರನ್ ಎಷ್ಟು, ವಿಕೆಟ್ ಎಷ್ಟು ಅಂತ ಎಲ್ಲರಿಗೂ ನೆನಪಿತ್ತು. ಎಷ್ಟು ಎಸೆದ ಅನ್ನೋದು ಒಬ್ಬರಿಗೂ ಗೊತ್ತಿರಲಿಲ್ಲ.

2. ಬೇಸ್‌ಬಾಲ್‌ನವರು ಯಾಕೆ ಎಣಿಸ್ತಾರೆ?

ಬೇಸ್‌ಬಾಲ್‌ನಲ್ಲಿ ಚೆಂಡು ಹಾಕುವವನು ಪಿಚರ್. ಅವನು ಬ್ಯಾಟರ್‌ನಿಂದ 60 ಅಡಿ 6 ಇಂಚು, ಅಂದರೆ 18.44 ಮೀಟರ್ ದೂರದಲ್ಲಿ ನಿಲ್ತಾನೆ. ನಮ್ಮ 22 ಗಜ ಅಂದರೆ 20.12 ಮೀಟರ್, ಹೆಚ್ಚೇನೂ ವ್ಯತ್ಯಾಸ ಇಲ್ಲ. ಆದರೆ ಪಿಚರ್‌ಗೆ ರನ್‌ಅಪ್ ಇಲ್ಲ. ಮೊಣಕೈ ಮಡಚಿ, ಭುಜ ಹಿಂದಕ್ಕೆ ತಿರುಗಿಸಿ, ಚಾಟಿ ಬೀಸಿದ ಹಾಗೆ ಎಸೀತಾನೆ.

ಟಿವಿಯಲ್ಲಿ ಬೇಸ್‌ಬಾಲ್ ನೋಡಿದರೆ ಸ್ಕೋರ್ ಪಕ್ಕದಲ್ಲೇ ಪಿಚ್ ಕೌಂಟ್ ಬರುತ್ತೆ: ಇವನು ಇವತ್ತು ಎಷ್ಟು ಎಸೆದಿದ್ದಾನೆ ಅಂತ. ಮ್ಯಾಚ್ ಶುರುಮಾಡುವ ಪಿಚರ್ ಸುಮಾರು ನೂರರ ಹತ್ತಿರ ಬಂದರೆ ಕೋಚ್ ಎದ್ದು ಓಡಾಡೋಕೆ ಶುರುಮಾಡ್ತಾನೆ. ಚೆನ್ನಾಗಿ ಆಡ್ತಿದ್ದರೂ ಇಳಿಸಿಬಿಡ್ತಾರೆ. ಆಮೇಲೆ ನಾಲ್ಕೈದು ದಿನ ಅವನು ಮ್ಯಾಚ್‌ನಲ್ಲಿ ಎಸೆಯುವ ಹಾಗಿಲ್ಲ.

ಈ ಎಚ್ಚರ ಸುಮ್ಮನೆ ಬಂದದ್ದಲ್ಲ. 1974ರಲ್ಲಿ ಟಾಮಿ ಜಾನ್ ಅನ್ನೋ ಡಾಡ್ಜರ್ಸ್ ಪಿಚರ್‌ನ ಎಡ ಮೊಣಕೈ ಒಳಭಾಗದ ಲಿಗಮೆಂಟ್ ಹೋಯ್ತು. ಆ ಕಾಲದಲ್ಲಿ ಹಾಗಾದರೆ ಆಟ ಮುಗೀತು ಅಂತಲೇ ಲೆಕ್ಕ. ಡಾಕ್ಟರ್ ಫ್ರಾಂಕ್ ಜೋಬ್ ಅವನ ಇನ್ನೊಂದು ಕೈಯಿಂದ ಸ್ನಾಯುರಜ್ಜು ತೆಗೆದು ಆ ಜಾಗಕ್ಕೆ ಹೊಲಿದರು. 1975ರ ಸೀಸನ್ ಪೂರ್ತಿ ಆಡದೆ, 1976ರಲ್ಲಿ ವಾಪಸ್ ಬಂದು, 1989ರವರೆಗೆ ಆಡಿದ. ಆ ಆಪರೇಷನ್‌ಗೆ ಇವತ್ತಿಗೂ ಆಟಗಾರನ ಹೆಸರೇ: ಟಾಮಿ ಜಾನ್ ಸರ್ಜರಿ.

3. ಮೊಣಕೈ ಒಳಗೆ ಏನಾಗುತ್ತೆ?

ಇದು ನಮ್ಮ ಸಿಲಬಸ್‌ಗೆ ಹತ್ತಿರದ ಭಾಗ.

ಜೋರಾಗಿ ಎಸೆಯುವಾಗ ಮೊದಲು ಕಾಲು, ಆಮೇಲೆ ಸೊಂಟ, ಎದೆ, ಭುಜ, ಕೊನೆಗೆ ಮುಂಗೈ ಮುಂದೆ ಬರುತ್ತೆ. ಭುಜ ಮುಂದೆ ನುಗ್ಗಿದಾಗ ಮುಂಗೈ ಇನ್ನೂ ಹಿಂದೆಯೇ ಇರುತ್ತೆ. ಆ ಕ್ಷಣದಲ್ಲಿ ಮೊಣಕೈ ಹೊರಕ್ಕೆ ತೆರೆದುಕೊಳ್ಳೋಕೆ ನೋಡುತ್ತೆ. ಅದನ್ನು ತಡೆಯೋದು ಒಳಭಾಗದ ಒಂದು ಸಣ್ಣ ಲಿಗಮೆಂಟ್ ಮತ್ತು ಸುತ್ತ ಇರುವ ಸ್ನಾಯುಗಳು.

ದೊಡ್ಡವರ ಮಟ್ಟದ ಪಿಚರ್‌ಗಳಲ್ಲಿ ಅಳೆದಾಗ ಮೊಣಕೈ ಮೇಲಿನ ಟಾರ್ಕ್ 60 ನ್ಯೂಟನ್-ಮೀಟರ್ ಆಸುಪಾಸು ಬಂದಿದೆ. ಒಂದು ಮೀಟರ್ ಉದ್ದದ ಸಲಾಕೆಯ ತುದಿಗೆ ಆರು ಕೆ.ಜಿ. ಅಕ್ಕಿ ನೇತುಹಾಕಿ, ಇನ್ನೊಂದು ತುದಿಯನ್ನು ಮೊಣಕೈಗೆ ಕಟ್ಟಿದ ಹಾಗೆ. ಇದು ಒಂದು ಎಸೆತಕ್ಕೆ.

‘ನಾವು ಆಡೋದು ಟೆನಿಸ್ ಬಾಲ್, ಹಗುರ ಅಲ್ವಾ?’ ಅಂತ ನಾವೂ ಕೇಳಿದೆವು. ಟೆನಿಸ್ ಬಾಲ್ 58 ಗ್ರಾಂ ಆಸುಪಾಸು, ಬೇಸ್‌ಬಾಲ್ 145 ಗ್ರಾಂ. ಆದರೆ ನಮ್ಮ ಮುಂಗೈ ಮತ್ತು ಹಸ್ತ ಸೇರಿದರೇ ಒಂದು ಕೆ.ಜಿ.ಗಿಂತ ಜಾಸ್ತಿ. ಬೀಸೋದು ಮುಖ್ಯವಾಗಿ ನಮ್ಮ ಕೈಯನ್ನೇ, ಚೆಂಡು ಅದರ ಜೊತೆ ಹೋಗುತ್ತೆ ಅಷ್ಟೇ.

ಮೆಟೀರಿಯಲ್ ಸೈನ್ಸ್‌ನಲ್ಲಿ ಫಟೀಗ್ ಓದಿದ್ದೀವಿ. ಜೆಮ್ ಕ್ಲಿಪ್ ಅನ್ನು ಒಂದು ಸಲ ಬಗ್ಗಿಸಿದರೆ ಮುರಿಯಲ್ಲ. ಅದೇ ಜಾಗದಲ್ಲಿ ಹಿಂದೆ ಮುಂದೆ ಬಗ್ಗಿಸ್ತಾ ಇದ್ದರೆ ಮುರಿಯುತ್ತೆ. ಎಸ್-ಎನ್ ಕರ್ವ್ ಹೇಳೋದೂ ಇದನ್ನೇ: ಎಷ್ಟು ಸ್ಟ್ರೆಸ್ ಅನ್ನೋದರ ಜೊತೆ ಎಷ್ಟು ಸಲ ಅನ್ನೋದೂ ಮುಖ್ಯ. ನಮ್ಮ ಬೌಲರ್ ಯಾವುದೋ ಒಂದು ಎಸೆತದಿಂದ ಕೈ ನೋಯಿಸಿಕೊಳ್ಳಲಿಲ್ಲ, ಎಣಿಕೆಯಿಂದ ನೋಯಿಸಿಕೊಂಡ.

ಒಂದು ವ್ಯತ್ಯಾಸ ಮಾತ್ರ ಇದೆ. ಕ್ಲಿಪ್‌ಗೆ ರಜೆ ಕೊಟ್ಟರೆ ಅದು ರಿಪೇರಿ ಆಗಲ್ಲ. ಮೈಗೆ ರಜೆ ಕೊಟ್ಟರೆ ಆಗುತ್ತೆ. ಹಾಗಾಗಿ ಎಸ್-ಎನ್ ಕರ್ವ್‌ನಲ್ಲಿ ಇಲ್ಲದ ಒಂದು ಕಾಲಂ ನಮ್ಮ ಲೆಕ್ಕದಲ್ಲಿ ಬೇಕು, ಅದು ವಿಶ್ರಾಂತಿ ದಿನ.

4. ಬಿಟಿಎಂ ಸೈಟಲ್ಲಿ ಇದು ಯಾಕೆ ಇನ್ನೂ ಕೆಟ್ಟದು?

ಖಾಲಿ ಸೈಟ್ ಅಂದರೆ 30×40. ಕರ್ಣ ಹಿಡಿದರೂ 50 ಅಡಿ, ಪೈಥಾಗೊರಸ್ ಪ್ರಮೇಯ. ಕ್ರಿಕೆಟ್ ಪಿಚ್‌ಗೇ 66 ಅಡಿ ಬೇಕು, ರನ್‌ಅಪ್ ಮಾತೇ ಇಲ್ಲ. ನಾವು ನಲವತ್ತು ಅಡಿ ಪಿಚ್ ಮಾಡಿ, ಕಾಂಪೌಂಡ್‌ಗೆ ಬೆನ್ನು ತಾಗಿಸಿ, ಎರಡೇ ಹೆಜ್ಜೆ ಹಾಕಿ ಬೌಲಿಂಗ್ ಮಾಡ್ತೀವಿ.

ಸರಿಯಾದ ಬೌಲಿಂಗ್‌ನಲ್ಲಿ ವೇಗದ ಒಂದು ಪಾಲು ಓಟದಿಂದ ಬರುತ್ತೆ, ಕೈ ನೇರವಾಗಿ ತಿರುಗುತ್ತೆ. ಮೊಣಕೈ 15 ಡಿಗ್ರಿಗಿಂತ ಜಾಸ್ತಿ ನೆಟ್ಟಗಾದರೆ ಐಸಿಸಿ ಅದನ್ನು ಚಕಿಂಗ್ ಅನ್ನುತ್ತೆ. ಎರಡು ಹೆಜ್ಜೆಯಲ್ಲಿ ವೇಗ ಬೇಕು ಅಂದಾಗ ಕೈ ತಾನೇ ಮಡಚಿಕೊಳ್ಳುತ್ತೆ. ಅಂಪೈರ್ ಬ್ಯಾಟಿಂಗ್ ಟೀಮಿನವನೇ ಆದರೂ ‘ಇರ್ಲಿ ಬಿಡು’ ಅಂತಾನೆ. ಅಂದರೆ ನಾವು ಆಡ್ತಿರೋದು ಹೆಸರಿಗೆ ಕ್ರಿಕೆಟ್, ಮೊಣಕೈ ಪಾಲಿಗೆ ಬೇಸ್‌ಬಾಲ್. ಬೇಸ್‌ಬಾಲ್‌ನ ಹೊಡೆತ ಪೂರ್ತಿ ತಗೊಂಡಿದ್ದೇವೆ, ಅದರ ಎಣಿಕೆ ಮಾತ್ರ ತಗೊಂಡಿಲ್ಲ.

5. ಲೆಕ್ಕ

ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್ ಮತ್ತು ಯುಎಸ್‌ಎ ಬೇಸ್‌ಬಾಲ್ ಸೇರಿ 2014ರಲ್ಲಿ ‘ಪಿಚ್ ಸ್ಮಾರ್ಟ್’ ಅಂತ ಒಂದು ಮಾರ್ಗಸೂಚಿ ತಂದವು. ನಮ್ಮ ವಯಸ್ಸಿನವರಿಗೆ, ಅಂದರೆ 19ರಿಂದ 22ರವರಿಗೆ, ಒಂದೇ ದಿನ ಎಸೆದದ್ದು

– 30ರ ಒಳಗಿದ್ದರೆ ಮಾರನೇ ದಿನವೂ ಎಸೆಯಬಹುದು
– 31ರಿಂದ 45 ಆದರೆ ಒಂದು ದಿನ ರಜೆ
– 46ರಿಂದ 60 ಆದರೆ ಎರಡು ದಿನ
– 61ರಿಂದ 80 ಆದರೆ ಮೂರು ದಿನ
– 81ರಿಂದ 105 ಆದರೆ ನಾಲ್ಕು ದಿನ

ಈಗ ನಮ್ಮ ಭಾನುವಾರ. ಮೂರು ಮ್ಯಾಚ್, ತಲಾ ಮೂರು ಓವರ್: 54. ವೈಡ್‌ಗೆ ಮತ್ತೆ ಹಾಕಿದ್ದು ಸುಮಾರು 9. ಸಂಜೆ ಫೈನಲ್ ಎರಡು ಓವರ್, ಎರಡು ವೈಡ್: 14. ಒಟ್ಟು 77. ಇದರ ಪ್ರಕಾರವೇ ಮೂರು ದಿನ ರಜೆ ಬೇಕಿತ್ತು. ಟ್ರಯಲ್ ಬಾಲ್ 6, ಫೀಲ್ಡಿಂಗ್‌ನಲ್ಲಿ ಜೋರಾಗಿ ಎಸೆದದ್ದು 20 ಸೇರಿಸಿದರೆ 103. ನಾವು ಅವನನ್ನು ಕರೆದದ್ದು ಸೋಮವಾರ.

ಪಿಚ್ ಸ್ಮಾರ್ಟ್ ಪಿಚರ್‌ಗಳಿಗೆ ಮಾಡಿದ್ದು, ಟೆನಿಸ್ ಬಾಲ್ ಕ್ರಿಕೆಟ್‌ಗೆ ಮಾಡಿದ್ದಲ್ಲ. ಆದರೂ ಏನೂ ಎಣಿಸದೆ ಇರೋದಕ್ಕಿಂತ ಇದು ವಾಸಿ ಅಂತ ನಮ್ಮ ಅಭಿಪ್ರಾಯ.

6. ‘ಆದ್ರೆ ಮ್ಯಾಚ್ ಸೋಲ್ತೀವಲ್ಲ?’

ಈ ಪ್ರಶ್ನೆಗೆ ನಮ್ಮ ಬೇಸ್‌ಬಾಲ್ ಹುಚ್ಚ ಕೊಟ್ಟ ಉತ್ತರ ನಮಗೆ ತುಂಬಾ ಹಿಡಿಸಿತು.

ಮೇಜರ್ ಲೀಗ್‌ನಲ್ಲಿ ಒಂದು ತಂಡ ಸೀಸನ್‌ಗೆ 162 ಮ್ಯಾಚ್ ಆಡುತ್ತೆ, ಹೆಚ್ಚುಕಮ್ಮಿ ದಿನಾ. 2001ರಲ್ಲಿ ಸಿಯಾಟಲ್ ಮ್ಯಾರಿನರ್ಸ್ 116 ಗೆದ್ದು ದಾಖಲೆ ಸರಿಗಟ್ಟಿತು, ಆ ತಂಡವೂ 46 ಸೋತಿತ್ತು. ಹತ್ತರಲ್ಲಿ ಮೂರು ಸಲ ಹಿಟ್ ಹೊಡೆದವನನ್ನು ಅಲ್ಲಿ ಒಳ್ಳೆ ಬ್ಯಾಟರ್ ಅಂತಾರೆ. ಹಾಗಾಗಿ ಇವತ್ತು ಸೋತರೆ ಪ್ರಳಯ ಆಗಲ್ಲ, ನಾಳೆ ಇನ್ನೊಂದು ಮ್ಯಾಚ್ ಇದೆ. ನಾಳೆ ಇದೆ ಅಂತ ನಂಬಿದವನಿಗೆ ಮಾತ್ರ ಇವತ್ತು ಬೌಲರ್‌ನ ಇಳಿಸೋಕೆ ಧೈರ್ಯ ಬರುತ್ತೆ. ನಾವು ಪ್ರತಿ ಭಾನುವಾರ ವರ್ಲ್ಡ್ ಕಪ್ ಫೈನಲ್ ಆಡ್ತೀವಿ. ಫೈನಲ್‌ನಲ್ಲಿ ಯಾರಿಗೆ ರಜೆ ಕೊಡ್ತೀರ?

ಅವನು ತನ್ನ ನಿದ್ದೆಗೂ ಇದೇ ಲೆಕ್ಕ ಹಾಕ್ತಾನೆ. ನ್ಯೂಯಾರ್ಕ್‌ನಲ್ಲಿ ಸಂಜೆ ಏಳಕ್ಕೆ ಶುರುವಾಗೋ ಮ್ಯಾಚ್ ಬೇಸಿಗೆಯಲ್ಲಿ ನಮಗೆ ಬೆಳಗಿನ ಜಾವ 4:30. ಮೊದಲು ಅಲಾರಂ ಇಟ್ಟು ಏಳ್ತಿದ್ದ, ಕ್ಲಾಸಲ್ಲಿ ತೂಕಡಿಸ್ತಿದ್ದ. ಈಗ ಲಾಸ್ ಏಂಜಲೀಸ್ ಮ್ಯಾಚ್ ಮಾತ್ರ ಲೈವ್. ಅದು 7:40ಕ್ಕೆ ಶುರು, ದರ್ಶಿನಿಯಲ್ಲಿ ಇಡ್ಲಿ ತಿಂತಾ ಒಂದೆರಡು ಇನಿಂಗ್ಸ್ ನೋಡಿ ಕಾಲೇಜಿಗೆ ಬರ್ತಾನೆ. ಉಳಿದದ್ದು ಹೈಲೈಟ್ಸ್. ‘162 ಇದೆ ಕಣೋ, ಒಂದು ಬಿಟ್ಟರೆ ಏನಾಯ್ತು?’ ಅಂತಾನೆ.

7. ನಮ್ಮೂರಿನ ಇಂಜಿನಿಯರ್‌ಗಳು

ಇದು ಅಮೆರಿಕದ ನಾಜೂಕು ಅಂತ ಅಂದುಕೊಳ್ಳಬೇಡಿ. ನಮ್ಮ ಆರ್.ವಿ. ಕಾಲೇಜಿನ ಮೆಕ್ಯಾನಿಕಲ್ ಇಂಜಿನಿಯರ್ ಅನಿಲ್ ಕುಂಬ್ಳೆ 1999ರಲ್ಲಿ ದೆಹಲಿಯಲ್ಲಿ ಪಾಕಿಸ್ತಾನದ ಹತ್ತೂ ವಿಕೆಟ್ ತೆಗೆದ ಇನಿಂಗ್ಸ್‌ನಲ್ಲಿ 26.3 ಓವರ್ ಹಾಕಿದರು, ಅಂದರೆ 159 ಎಸೆತ. ಅದೇ ಕುಂಬ್ಳೆ ಭುಜದ ಆಪರೇಷನ್ ಆಗಿ 2001ರ ಆಸ್ಟ್ರೇಲಿಯಾ ಸರಣಿಯಲ್ಲಿ ಆಡಲಿಲ್ಲ. ಮೈಸೂರಿನಲ್ಲಿ ಇಂಜಿನಿಯರಿಂಗ್ ಓದಿದ ಜಾವಗಲ್ ಶ್ರೀನಾಥ್ 1997ರಲ್ಲಿ ಭುಜದ ಗಾಯದಿಂದ ತಿಂಗಳುಗಟ್ಟಲೆ ಹೊರಗಿದ್ದರು. ಇಬ್ಬರೂ ಕಾಯ್ದರು, ವಾಪಸ್ ಬಂದು ವರ್ಷಗಟ್ಟಲೆ ಆಡಿದರು. ಅವರ ಹಿಂದೆ ಡಾಕ್ಟರು, ಫಿಸಿಯೋ ಇದ್ದರು. ನಮ್ಮ ಹಿಂದೆ ಇರೋದು ಪಿ.ಜಿ.ಯ ಫ್ರಿಜ್‌ನ ಐಸ್ ಟ್ರೇ ಒಂದೇ.

ಡಾಡ್ಜರ್ಸ್‌ನ ಶೊಹೆಯ್ ಒಟಾನಿಯನ್ನೂ ನೋಡಿ. ಹತ್ತು ವರ್ಷಕ್ಕೆ 70 ಕೋಟಿ ಡಾಲರ್ ಒಪ್ಪಂದ. ಮೊಣಕೈಗೆ 2018ರಲ್ಲಿ ಒಂದು, 2023ರಲ್ಲಿ ಇನ್ನೊಂದು ಆಪರೇಷನ್. 2024 ಪೂರ್ತಿ ಬರೀ ಬ್ಯಾಟ್ ಮಾಡಿದ. 2025ರ ಜೂನ್‌ನಲ್ಲಿ ಮತ್ತೆ ಪಿಚ್ ಮಾಡೋಕೆ ಬಂದಾಗ ಮೊದಲ ದಿನ ಎಸೆದದ್ದು ಒಂದೇ ಇನಿಂಗ್ಸ್.

8. ಈಗ ನಮ್ಮ ಟೀಮಿನ ನಿಯಮ

– ಸ್ಕೋರ್ ಬುಕ್‌ನಲ್ಲಿ ಒಂದು ಹೊಸ ಕಾಲಂ: ಎಷ್ಟು ಎಸೆದ. ವೈಡ್, ಟ್ರಯಲ್ ಎಲ್ಲ ಸೇರಿಸಿ.
– ಒಂದು ದಿನಕ್ಕೆ ಒಬ್ಬನಿಗೆ 45 ಸಾಕು. 30 ದಾಟಿದರೆ ಮಾರನೇ ದಿನ ಬೌಲಿಂಗ್ ಇಲ್ಲ.
– ಆಟಕ್ಕೆ ಮುಂಚೆ ಮಡಿವಾಳ ಕೆರೆ ಕಡೆಗೆ ಒಂದು ರೌಂಡ್ ಓಟ, ಆಮೇಲೆ ಹತ್ತು ನಿಧಾನದ ಎಸೆತ. ಕಾಲು, ಸೊಂಟ ಎಚ್ಚರ ಆಗದೆ ಇದ್ದರೆ ಅವುಗಳ ಕೆಲಸವೂ ಮೊಣಕೈ ಮೇಲೆ ಬೀಳುತ್ತೆ.
– ಮೊಣಕೈ ಒಳಭಾಗ ನೋವು, ಕಿರುಬೆರಳು ಜೋಮು, ಅಥವಾ ಎಸೆತದ ವೇಗ ಇದ್ದಕ್ಕಿದ್ದ ಹಾಗೆ ಕಮ್ಮಿ ಆದರೆ ಅಲ್ಲಿಗೇ ನಿಲ್ಲಿಸೋದು. ಎರಡು ದಿನಕ್ಕೆ ಹೋಗದಿದ್ದರೆ ಡಾಕ್ಟರ್ ಹತ್ತಿರ ಹೋಗೋದು. ಮಾತ್ರೆ ನುಂಗಿ ಆಡೋದು ಬೇಡ.
– ‘ಹಿಡ್ಕೊಂಡಂಗಿದೆ’ ಅಂತ ಒಬ್ಬ ಹೇಳಿದರೆ ಉಳಿದವರು ‘ಎರಡೇ ಓವರ್’ ಅನ್ನೋ ಹಾಗಿಲ್ಲ. ಇದು ನಮಗೆ ನಾವೇ ಹಾಕಿಕೊಂಡ ನಿಯಮ.

ಏಳು ವಾರ ಆದಮೇಲೆ, ಡಾಕ್ಟರು ಒಪ್ಪಿದ ಮೇಲೆ, ನಮ್ಮ ಬೌಲರ್ ಸೈಟಿಗೆ ಬಂದ. ಅವತ್ತಿಗೆ ಹನ್ನೆರಡು ಎಸೆತ ಅಂತ ಮೊದಲೇ ಬರೆದಿಟ್ಟಿದ್ದೆವು. ಹನ್ನೆರಡು ಮುಗಿದಾಗ ಎದುರು ಟೀಮಿಗೆ ಕೊನೆ ಓವರ್‌ಗೆ ಎಂಟು ರನ್ ಬೇಕಿತ್ತು. ಅವನು ಚೆಂಡಿಗೆ ಕೈ ಚಾಚಿದ. ನಾವು ಬುಕ್ ತೋರಿಸಿದೆವು. ಬೈಕೊಂಡು ಲಾಂಗ್ ಆನ್‌ಗೆ ಹೋಗಿ ನಿಂತ. ಬೇರೆಯವನು ಹಾಕಿದ, ನಾಲ್ಕನೇ ಬಾಲಿಗೆ ಸೋತೆವು. ಆಮೇಲೆ ಎಲ್ಲರೂ ಸೇರಿ ದರ್ಶಿನಿಗೆ ಹೋದೆವು. ಅವನು ಬಲಗೈಯಲ್ಲೇ ಕಾಫಿ ಲೋಟ ಎತ್ತಿದ. ನಮಗೆ ಅಷ್ಟು ಸಾಕಿತ್ತು.

ಈ ಭಾನುವಾರ ನೀವೂ ಒಂದು ಸಲ ಎಣಿಸಿ ನೋಡಿ. ನಿಮ್ಮ ಟೀಮಿನ ಬೆಸ್ಟ್ ಬೌಲರ್‌ನಿಂದಲೇ ಶುರುಮಾಡಿ, ಯಾಕಂದ್ರೆ ಎಲ್ಲರೂ ಚೆಂಡು ಕೊಡೋದು ಅವನಿಗೇ.