ಕಾವಲಿಗೆ ತಕ್ಕ ಪ್ರತಿಫಲ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳು ತೆಂಗಿನ ಸೀಮೆಯೆಂದು ಹೆಸರಾಗಿವೆ. ಇಲ್ಲಿಯ ರೈತನು ಬಲಿತ ಕಾಯಿಗಳನ್ನು ಕೀಳಿಸಿ ಅಟ್ಟದ ಮೇಲೆ ಕೂಡಿಡುತ್ತಾನೆ. ಹತ್ತು ಹನ್ನೊಂದು ತಿಂಗಳು ಕಳೆಯುವಷ್ಟರಲ್ಲಿ ಒಳಗಿನ ನೀರು ಇಂಗಿ, ತಿರುಳು ಒಣಗಿ, ಉಂಡೆ ಕೊಬ್ಬರಿಯಾಗುತ್ತದೆ. ಅದು ತಿಪಟೂರಿನ ಮಾರುಕಟ್ಟೆಯಲ್ಲಿ ಹರಾಜಾದ ಮೇಲೆಯೇ ಮಕ್ಕಳ ಓದು, ಮನೆಯ ಮದುವೆ, ಸಾಲದ ತೀರುವಳಿ. ಒಂದು ಸಂಸಾರದ ವರ್ಷದ ದುಡಿಮೆಯೆಲ್ಲ ಅಟ್ಟದ ಮೇಲಿದ್ದರೂ ಮನೆಯವರು ನಿಶ್ಚಿಂತೆಯಿಂದ ಮಲಗುತ್ತಾರೆ. ಅವರ ನಿದ್ರೆಯ ಹಿಂದೆ ಇನ್ನೊಬ್ಬನ ಎಚ್ಚರವಿದೆ.

ಹಿಂದೆ ಹಳ್ಳಿಗಳಲ್ಲಿ ಆ ಎಚ್ಚರವು ತಳವಾರನದಾಗಿತ್ತು. ಅವನಿಗೆ ಇನಾಮು ಭೂಮಿಯಿತ್ತು. ಸುಗ್ಗಿಯಲ್ಲಿ ಕಣದಿಂದ ಆಯದ ಧಾನ್ಯ ಸಲ್ಲುತ್ತಿತ್ತು. ಕಾಯುವವನ ಹೊಟ್ಟೆಯ ಹೊಣೆ ಊರಿನದೆಂಬುದನ್ನು ಹಿರಿಯರು ಅರಿತಿದ್ದರು. ಆದರೆ ಆ ಪದ್ಧತಿಯಲ್ಲಿ ಒಂದು ಕೊರತೆಯೂ ಇತ್ತು. ತಳವಾರನ ಮಗನು ತಳವಾರನೇ ಆಗಬೇಕಾಗಿತ್ತು. ಪಾಲು ಉಂಟು, ಏಳಿಗೆ ಇಲ್ಲ. 1961ರ ಗ್ರಾಮಾಧಿಕಾರ ರದ್ದತಿ ಕಾಯಿದೆಯು ಇಂಥ ವಂಶಪಾರಂಪರ್ಯದ ಹುದ್ದೆಗಳನ್ನು ಕೊನೆಗಾಣಿಸಿತು.

ಇಂದು ಊರಿನ ಕಾವಲು ಪೊಲೀಸ್ ಠಾಣೆಯ ಹೊಣೆ. ಜಾತ್ರೆಯ ಜನಸಂದಣಿಯಲ್ಲಿ, ಚುನಾವಣೆಯ ಮತಗಟ್ಟೆಯಲ್ಲಿ, ಹೆದ್ದಾರಿಯ ಅಪಘಾತದ ಸ್ಥಳದಲ್ಲಿ ಮೊದಲು ಕಾಣುವವನು ಪೇದೆ. ಹಬ್ಬದ ದಿನ ಉಳಿದವರಿಗೆ ರಜೆ, ಅವನಿಗೆ ಹೆಚ್ಚಿನ ಕೆಲಸ. ಇಂಥವನ ಸಂಬಳ ಹೇಗಿರಬೇಕು? 1977ರಲ್ಲಿ ಧರ್ಮವೀರರ ಅಧ್ಯಕ್ಷತೆಯಲ್ಲಿ ನೇಮಕವಾದ ರಾಷ್ಟ್ರೀಯ ಪೊಲೀಸ್ ಆಯೋಗವು 1979ರ ತನ್ನ ಮೊದಲ ವರದಿಯಲ್ಲಿಯೇ ಈ ಪ್ರಶ್ನೆಯನ್ನು ಎತ್ತಿಕೊಂಡಿತು. ಪೇದೆಯು ವಿವೇಚನೆಯಿಂದ ಕೆಲಸ ಮಾಡಬೇಕಾದವನು. ಆದುದರಿಂದ ಅವನನ್ನು ಕುಶಲ ಕೆಲಸಗಾರನೆಂದೆಣಿಸಿ ವೇತನ ಕೊಡಬೇಕು, ಬಡ್ತಿಯ ದಾರಿಯನ್ನೂ ತೆರೆಯಬೇಕು ಎಂಬುದು ಅದರ ಅಭಿಪ್ರಾಯ.

ಕಾರ್ಖಾನೆಯ ಕೆಲಸಗಾರನು ಸಂಘ ಕಟ್ಟಿ ಕೂಲಿಯನ್ನು ಕೇಳಬಲ್ಲನು. ಪೊಲೀಸನಿಗೆ ಆ ಸ್ವಾತಂತ್ರ್ಯವಿಲ್ಲ. 1966ರ ಕೇಂದ್ರ ಕಾಯಿದೆಯಂತೆ ಅನುಮತಿಯಿಲ್ಲದೆ ಅವನು ಕಾರ್ಮಿಕ ಸಂಘವನ್ನು ಸೇರುವಂತಿಲ್ಲ. ಕಾಯುವವರೇ ಕೆಲಸ ನಿಲ್ಲಿಸಿದರೆ ದುರ್ಬಲರಿಗೆ ದಿಕ್ಕಾರು ಎಂಬುದು ಈ ನಿರ್ಬಂಧದ ಹಿಂದಿರುವ ನ್ಯಾಯ. 2016ರ ಜೂನ್ 4ರಂದು ಕರ್ನಾಟಕದ ಪೊಲೀಸರು ಸಾಮೂಹಿಕ ರಜೆ ಹಾಕಲು ಯೋಚಿಸಿದ್ದಾಗ ನಾಡೆಲ್ಲ ಕಳವಳಗೊಂಡಿತು. ಆದರೆ ಅಂದು ಬಹುತೇಕ ಎಲ್ಲರೂ ಕೆಲಸಕ್ಕೆ ಹಾಜರಾದರು. ಅದೇ ವರ್ಷ ಹಿರಿಯ ಅಧಿಕಾರಿ ರಾಘವೇಂದ್ರ ಔರಾದ್ಕರ್ ಅವರ ಸಮಿತಿಯು ವೇತನ ಹೆಚ್ಚಳಕ್ಕೆ ಶಿಫಾರಸು ಮಾಡಿತು. 2019ರ ಆಗಸ್ಟ್ 1ರಿಂದ ವೇತನ ಶ್ರೇಣಿ ಪರಿಷ್ಕೃತವಾಯಿತು. ಪೇದೆಯ ಆರಂಭದ ಮೂಲವೇತನ 23,500 ರೂಪಾಯಿಗಳಾಯಿತು.

ಆದರೆ ಸಂಬಳವೊಂದೇ ಸಾಲದು. ಪೇದೆಯು ಮುಖ್ಯ ಪೇದೆಯಾಗಿ, ಸಹಾಯಕ ಸಬ್ ಇನ್‌ಸ್ಪೆಕ್ಟರನಾಗಿ, ಸಬ್ ಇನ್‌ಸ್ಪೆಕ್ಟರನಾಗಿ ಏರಬಹುದು. ಮೆಟ್ಟಿಲುಗಳೇನೋ ಇವೆ, ಮೇಲಿನ ಮೆಟ್ಟಿಲಲ್ಲಿ ಸ್ಥಳ ಕಡಿಮೆ. ಸೇರಿದ ಹುದ್ದೆಯಲ್ಲಿಯೇ ತಲೆ ನರೆಯುವುದಾದರೆ ಉತ್ಸಾಹ ಉಳಿಯುವುದು ಹೇಗೆ? ತಳವಾರನಿಗಿದ್ದ ಕೊರತೆಯು ಪೇದೆಗೂ ಬರಬಾರದಷ್ಟೆ.

ತೆಂಗಿನ ಗಿಡಕ್ಕೆ ನೀರೆರೆಯದೆ ಫಲವನ್ನು ಬಯಸುವ ರೈತನಿಲ್ಲ. ಪ್ರಾಮಾಣಿಕ ರಕ್ಷಣೆಯನ್ನು ಬಯಸುವ ಸಮಾಜವೂ ಅದಕ್ಕೆ ತಕ್ಕ ಪ್ರತಿಫಲವನ್ನು ಕೊಡಬೇಕು. ಲಂಚಕ್ಕೆ ಬಡತನ ಸಮರ್ಥನೆಯಾಗದು, ನಿಜ. ಆದರೆ ನ್ಯಾಯವಾದ ವೇತನ ಕೊಟ್ಟವರಿಗೆ ನ್ಯಾಯವಾದ ನಡತೆಯನ್ನು ಕೇಳುವ ಹಕ್ಕು ದೃಢವಾಗುತ್ತದೆ. ದನಿಯೆತ್ತಿ ಬೇಡಲಾರದವನ ಅಗತ್ಯವನ್ನು ತಾನಾಗಿ ಅರಿಯುವುದೇ ನಾಗರಿಕರ ಕರ್ತವ್ಯ.