ಹುಳುಮನೆಯ ಕಾಣದ ವಿಷ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯು ರೇಷ್ಮೆಗೆ ಹೆಸರಾದುದು. ಮೊಟ್ಟೆಯೊಡೆದು ಬಂದ ಚಾಕಿ ಹುಳುಗಳಿಗೆ 27-28 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಬೇಕು. ಮಾಗಿಯ ರಾತ್ರಿಗಳಲ್ಲಿ ಅಷ್ಟು ಬಿಸುಪು ತಾನಾಗಿ ದೊರೆಯದು. ಆದುದರಿಂದ ಕಿಟಕಿ ಬಾಗಿಲುಗಳನ್ನು ಮುಚ್ಚಿ, ಹುಳು ಸಾಕುವ ಮನೆಯಲ್ಲಿ ಇದ್ದಿಲಿನ ಅಗ್ಗಿಷ್ಟಿಕೆಯನ್ನಿಡುವ ರೂಢಿ ಬೆಳೆಯಿತು. ಈಗ ವಿದ್ಯುತ್ ಹೀಟರುಗಳು ಬಂದಿವೆಯಾದರೂ ವಿದ್ಯುತ್ತು ಕೈಕೊಟ್ಟರೆ ಇದ್ದಿಲೇ ಗತಿ. ಸೊಪ್ಪು ಹಾಕಲು ಎದ್ದವರು ಅಲ್ಲಿಯೇ ಒರಗುವುದೂ ಉಂಟು.

ಸಾಕಷ್ಟು ಗಾಳಿ ದೊರೆಯದ ಕೆಂಡದಲ್ಲಿ ಇಂಗಾಲವು ಪೂರ್ತಿಯಾಗಿ ಉರಿಯದೆ ಇಂಗಾಲದ ಮಾನಾಕ್ಸೈಡ್ ಎಂಬ ಅನಿಲವಾಗುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕೆಂಡ ಹೊಗೆಯಾಡದಿರುವುದನ್ನು ಕಂಡು ಜನ ನಿಶ್ಚಿಂತರಾಗುತ್ತಾರೆ! ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಈ ಅನಿಲವನ್ನು ಹಿಡಿದುಕೊಳ್ಳುತ್ತದೆ. ಮೊದಲು ತಲೆನೋವು, ಓಕರಿಕೆ, ಬಳಿಕ ಮಂಪರು. ನಿದ್ರಿಸುತ್ತಿರುವವನಿಗೆ ಈ ಸೂಚನೆಗಳೂ ತಿಳಿಯವು.

ವಿಷ ತಗುಲಿದವನನ್ನು ಬಯಲಿಗೆ ತಂದರೆ, ರಕ್ತದಲ್ಲಿನ ಅನಿಲ ಅರ್ಧಕ್ಕಿಳಿಯಲು ಸುಮಾರು 5 ಗಂಟೆ ಬೇಕು. ಮುಖವಾಡದ ಮೂಲಕ ಶುದ್ಧ ಆಮ್ಲಜನಕ ಕೊಟ್ಟರೆ ಸುಮಾರು ಒಂದೂವರೆ ಗಂಟೆ ಸಾಕು. ವಾತಾವರಣದ ಮೂರರಷ್ಟು ಒತ್ತಡದಲ್ಲಿ ಕೊಟ್ಟರೆ 25 ನಿಮಿಷಗಳೊಳಗೇ ಆದೀತು. ಬ್ರಿಟನ್ನಿನ ವಿಜ್ಞಾನಿ ಜೆ. ಎಸ್. ಹಾಲ್ಡೇನ್ ಇದರ ಮೂಲವನ್ನು 1895ರಲ್ಲಿಯೇ ಕಂಡಿದ್ದನು. ಎರಡರಷ್ಟು ಒತ್ತಡದ ಆಮ್ಲಜನಕದಲ್ಲಿ ಇರಿಸಿದ ಸುಂಡಿಲಿಗಳು ಈ ವಿಷಾನಿಲದ ನಡುವೆಯೂ ಬದುಕಿದವು. ಹಿಮೋಗ್ಲೋಬಿನ್ ಕೆಲಸಕ್ಕೆ ಬಾರದಿದ್ದರೂ ರಕ್ತದ ದ್ರವದಲ್ಲಿಯೇ ಬೇಕಾದಷ್ಟು ಆಮ್ಲಜನಕ ಕರಗಿತ್ತು.

ಆದರೆ ಒತ್ತಡದ ಕೊಠಡಿಗಳು ಇರುವುದು ದೊಡ್ಡ ನಗರಗಳ ಕೆಲವೇ ಆಸ್ಪತ್ರೆಗಳಲ್ಲಿ. ಕೊಠಡಿಯನ್ನೇ ರೋಗಿಯ ಬಳಿಗೆ ಒಯ್ಯಬಾರದೇಕೆ? ಪರ್ವತಾರೋಹಿಗಳು ಒಯ್ಯುವ ಗ್ಯಾಮೊ ಚೀಲ ಅಂತಹುದು. ರೋಗಿಯನ್ನು ಒಳಗೆ ಮಲಗಿಸಿ, ಕಾಲಿನಿಂದ ಪಂಪು ಒತ್ತಿ ಗಾಳಿ ತುಂಬುತ್ತಾರೆ. ಅದು ಎತ್ತರದ ಸ್ಥಳದ ಬೇನೆಗೆಂದು ರೂಪುಗೊಂಡುದು. ಸಮುದ್ರಮಟ್ಟದ ಒತ್ತಡಕ್ಕೆ ಅದು ಸೇರಿಸುವುದು ಏಳನೆಯ ಒಂದು ಪಾಲು ಮಾತ್ರ, ಮೂರರಷ್ಟೆಲ್ಲಿ, ಇದೆಲ್ಲಿ! ಎರಡರಷ್ಟಕ್ಕೂ ಮೀರಿದ ಒತ್ತಡ ತಾಳುವ, ಮಡಿಚಬಹುದಾದ ಕೊಠಡಿಗಳೂ ಇವೆ. ಅವುಗಳಿಗೆ ಬಹಳ ಆಮ್ಲಜನಕವೂ ನುರಿತವರೂ ಬೇಕು. ಕಿಡಿ ಸೋಕಿದರೆ ಅನಾಹುತವಾಗುತ್ತದೆ. ಒತ್ತಡದ ಚಿಕಿತ್ಸೆ ಯಾರಿಗೆ ಅಗತ್ಯವೆಂಬುದರಲ್ಲಿ ವೈದ್ಯರಲ್ಲಿಯೇ ಒಮ್ಮತವಿಲ್ಲ.

ಹಳ್ಳಿಗೆ ಬೇಗ ತಲಪುವುದು 108 ವಾಹನದ ಆಮ್ಲಜನಕದ ಸಿಲಿಂಡರು. ಅದು ಬರುವವರೆಗೆ ರೋಗಿಯನ್ನು ಬಯಲಿನಲ್ಲಿರಿಸಬೇಕು. ಬೆರಳಿಗೆ ಸಿಕ್ಕಿಸುವ ಆಮ್ಲಜನಕದ ಮಾಪಕವು ಇಲ್ಲಿ ಮೋಸಹೋಗುತ್ತದೆ. ವಿಷ ಹಿಡಿದ ಹಿಮೋಗ್ಲೋಬಿನ್ನನ್ನೂ ಆಮ್ಲಜನಕ ಹೊತ್ತುದೆಂದೇ ಎಣಿಸಿ 98 ಎಂದು ತೋರಿಸೀತು. ಆದುದರಿಂದ ಮುಚ್ಚಿದ ಮನೆಯಲ್ಲಿ ಅಗ್ಗಿಷ್ಟಿಕೆ ಉರಿಯುತ್ತಿದ್ದ ಸಂಗತಿಯನ್ನು ವೈದ್ಯರು ಕೇಳುವ ಮೊದಲೇ ಹೇಳಬೇಕು.